ಅವ್ವನ ಸೀರೆಯ ಗಂಟು

ನಿನ್ನೆ ಮಣಿಪಾಲದ ಮೆಡಿಕಲ್ ಅಂಗಡಿಯ ಮುಂದೆ ಮಹಿಳೆಯೊಬ್ಬರು ತಮ್ಮ ಪುಟ್ಟ ನಾಯಿಯ ಹಗ್ಗವನ್ನು ನನ್ನ ಕೈಗಿತ್ತು, "ಒಂದು ನಿಮಿಷ ಹಿಡ್ಕೊಳ್ತೀರಾ? ರಸ್ತೆಯಲ್ಲಿ ಗಾಡಿ ಜಾಸ್ತಿ ಉಂಟು" ಎಂದರು. ಹಗ್ಗ ಕೈಗೆ ಬಂದದ್ದೇ ತಡ, ನಾನು ಆರು ವರ್ಷದವಳಾದೆ.

ಬಾಗಲಕೋಟೆಯಿಂದ ಬಂದಿದ್ದ ಅಪ್ಪ, ಅವ್ವ ಇದೇ ಊರಿನಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರಲ್ಲಿ ಕೂಲಿಗಿದ್ದರು. ಅವರು ಮೇಲಿನ ಮಹಡಿಗೆ ಹೋದರೆ ಇಡೀ ದಿನ ಕೆಳಗೆ ನಾನೊಬ್ಬಳೇ. ಅಕ್ಕಪಕ್ಕದ ಮಕ್ಕಳ ತುಳು ನನಗೆ ಬರುತ್ತಿರಲಿಲ್ಲ. ಒಂದು ದಿನ ಮರಳಿನ ರಾಶಿಯಲ್ಲಿ ನಾಯಿಮರಿ ಸಿಕ್ಕಿತು, ನನ್ನ ಚಪ್ಪಲಿಗಿಂತ ತುಸು ದೊಡ್ಡದು. ಹಿಂದಕ್ಕೆ ಬರುವ ಟಿಪ್ಪರಿನವನಿಗೆ ಅದು ಕಾಣುವಂತೆಯೇ ಇರಲಿಲ್ಲ. ಅವ್ವನ ಹಳೆಯ ಸೀರೆಯ ತುಂಡನ್ನು ಅದರ ಹೊಟ್ಟೆಗೆ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದೆ. ಮರಿ ಸಂಜೆಯವರೆಗೂ ಕುಂಯ್‌ಗುಟ್ಟಿತು. ಸಿಟ್ಟು ಬಂದು ಬೈದೆ ಕೂಡ.

ಕೆಲಸ ಮುಗಿಸಿ ಇಳಿದ ಅವ್ವ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳು.

"ಈ ಗಂಟ ಹಾಕಾಕ ನಿನಗ ಯಾರ ಕಲಿಸಿದ್ರು?"

"ಯಾರೂ ಇಲ್ಲ" ಎಂದೆ.

ಅವ್ವ ಗಂಟು ಬಿಚ್ಚಿ ಮರಿಯನ್ನು ಮಡಿಲಿಗೆ ಹಾಕಿಕೊಂಡಳು. "ನೀ ಸಣ್ಣಾಕಿ ಇದ್ದಾಗ ನಿನ್ನೂ ಇದ ಸೀರಿಲೆ ಹಿಂಗ ಕಟ್ಟಿ ಹೋಗತಿದ್ದೆ. ನೀ ಅಳೋದು ಮ್ಯಾಲಿನತನಕಾ ಕೇಳತಿತ್ತು. ಇಳದು ಬರಾಕ ಆಗತಿರಲಿಲ್ಲ."

ಅಂಗಡಿಯಿಂದ ಆ ಮಹಿಳೆ ಹೊರಬಂದು ಹಗ್ಗಕ್ಕೆ ಕೈ ಚಾಚಿದರು. ಕೊಡಲು ಹೊತ್ತು ಹಿಡಿಯಿತು. ನನಗರಿವಿಲ್ಲದೆಯೇ ಅದನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕಿಕೊಂಡಿದ್ದೆ.