ರೈಟರು ತಿನ್ನಿಸಿದ ಬೆಂಗಳೂರು

ರೈಟರ ಬಲಗೈಯ ನಡುಬೆರಳು ಕೊಕ್ಕೆಯಂತೆ ಬಾಗಿತ್ತು. ಹರೆಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಮುರಿದ ಮೂಳೆ ಹಾಗೇ ಕೂಡಿಕೊಂಡಿತ್ತಂತೆ. ದೋಸೆ ಮೇಜಿಗೆ ಬಂದ ಕೂಡಲೇ ಆ ಬೆರಳಿನಿಂದ ಅಂಚನ್ನು ಮೆಲ್ಲಗೆ ಎತ್ತಿ ತಳ ನೋಡುತ್ತಿದ್ದರು. ಕೆಂಪಗಿದ್ದರೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಿನ್ನು ಮಾರಾಯ್ತಿ, ಆರಿ ಹೋಗ್ತದೆ" ಎನ್ನುತ್ತಿದ್ದರು.

ಮಲ್ಲಂದೂರಿನ ಹತ್ತಿರದ ಎಸ್ಟೇಟಿನಲ್ಲಿ ಅವರು ರೈಟರಾಗಿದ್ದವರು. ಆಳುಗಳ ಹಾಜರಿ ಹಿಡಿದು, ಯಾರು ಯಾವ ಕಡೆ ಹೋಗಬೇಕೆಂದು ಹೇಳುವುದು ಅವರ ಕೆಲಸ. ನನ್ನ ಅಪ್ಪ ಅಮ್ಮ ಅದೇ ತೋಟದಲ್ಲಿ ಆಳುಗಳಿಗೆಂದು ಕಟ್ಟಿದ ಲೈನ್ ಮನೆಯಲ್ಲಿದ್ದುಕೊಂಡು ಕಾಫಿ ಕೊಯ್ಯುತ್ತಿದ್ದರು. ನಾನು ನರ್ಸಿಂಗ್ ಓದಲು ಬೆಂಗಳೂರಿಗೆ ಹೋಗುವಷ್ಟರಲ್ಲಿ ರೈಟರು ನಿವೃತ್ತರಾಗಿದ್ದರು. ಮೊದಲ ವಾರ ಹೋಟೆಲಿನೊಳಗೆ ಕಾಲಿಡಲು ಹೆದರಿ ದಿನಾ ಬೆಳಿಗ್ಗೆ ಬ್ರೆಡ್ ತಿಂದೆ. ಅಪ್ಪ ಹೇಳಿರಬೇಕು, ಒಂದು ಬೆಳಿಗ್ಗೆ ಆರಕ್ಕೆಲ್ಲ ರೈಟರು ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದರು.

"ಇಷ್ಟು ದೊಡ್ಡ ಊರಿಗೆ ಬಂದು ಬ್ರೆಡ್ ತಿಂತಾರಾ? ಬಾ."

ಎಸ್ಟೇಟ್ ಕೆಲಸಕ್ಕೆಂದು ಓಡಾಡಿ ಅವರಿಗೆ ಬೆಂಗಳೂರಿನ ತಿಂಡಿಯ ಜಾಗಗಳೆಲ್ಲ ಪರಿಚಯವಿದ್ದವು. ಆಮೇಲೆ ಮೂರು ವಾರಕ್ಕೊಮ್ಮೆ, ಮಂಡಿನೋವಿಗೆ ಡಾಕ್ಟರನ್ನು ನೋಡಬೇಕೆನ್ನುತ್ತ, ಬಸ್ಸಿಳಿದು ನೇರ ನನ್ನಲ್ಲಿಗೆ ಬರುತ್ತಿದ್ದರು. ಬಸವನಗುಡಿಯಲ್ಲಿ ಬೆಣ್ಣೆ ದೋಸೆ, ಮಲ್ಲೇಶ್ವರದಲ್ಲಿ ನಿಂತೇ ತಿನ್ನುವ ತಟ್ಟೆ ಇಡ್ಲಿ. ಶಿವಾಜಿನಗರದಲ್ಲಿ ಬೆಳಗಿನ ಏಳಕ್ಕೇ ಕುರಿಯ ಕಾಲು ಸೂಪು ಕುಡಿಯುವವರನ್ನು ಕಂಡು ನಾನು ದಂಗಾಗಿದ್ದೆ.

"ಬೋರ್ಡ್ ನೋಡ್ಬೇಡ. ಎದ್ದು ಹೋದವರ ತಟ್ಟೆ ನೋಡು. ಚಟ್ನಿ ಉಳಿದಿದ್ರೆ ಮುಂದೆ ನಡಿ," ಎನ್ನುವರು. ಕಾಫಿಯನ್ನು ಮಾತ್ರ ಎಲ್ಲಿಯೂ ಒಪ್ಪಲಿಲ್ಲ. "ಬಣ್ಣ ನೋಡಿದ್ರೇ ಗೊತ್ತಾಗ್ತದೆ, ಅರ್ಧ ಚಿಕೋರಿ."

ತಾವು ಒಂದೆರಡು ತುಂಡು ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ನನ್ನನ್ನು ಬಿಡುತ್ತಿರಲಿಲ್ಲ. "ಸಾಂಬಾರಿಗೆ ಬೆಲ್ಲ ಹಾಕಿದಾರಾ? ಚಟ್ನೀಲಿ ಹುರಿಗಡಲೆ ಜಾಸ್ತಿ ಆಗಿದ್ಯಾ?"

"ಚೆನ್ನಾಗಿದೆ ಸಾರ್."

"ಚೆನ್ನಾಗಿದೆ ಅನ್ನೋದು ಉತ್ತರ ಅಲ್ಲ. ಸರಿಯಾಗಿ ಹೇಳು."

ಪರೀಕ್ಷೆಗೆ ಕುಳಿತವಳಂತೆ ಒಂದೊಂದನ್ನೇ ವಿವರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಐದನೇ ತಿಂಗಳಲ್ಲಿ ಒಂದು ದಿನ ಚಾಮರಾಜಪೇಟೆಯಲ್ಲಿ ಖಾಲಿ ದೋಸೆ ತಿನ್ನಿಸಿ ಹೋದರು. ಅದೇ ದಿನ ಹತ್ತು ಗಂಟೆಗೆ ನಮ್ಮ ತರಗತಿಯನ್ನು ಒಂದು ಕ್ಯಾನ್ಸರ್ ಆಸ್ಪತ್ರೆ ತೋರಿಸಲು ಕರೆದೊಯ್ದರು. ಉದ್ದನೆಯ ಕೋಣೆ, ಸಾಲು ಕುರ್ಚಿಗಳು, ಕುಳಿತ ಪ್ರತಿಯೊಬ್ಬರ ಕೈಗೂ ಡ್ರಿಪ್. "ಈ ಔಷಧಿ ಶುರುವಾದ್ಮೇಲೆ ಎಷ್ಟೋ ಜನಕ್ಕೆ ರುಚಿಯೇ ಗೊತ್ತಾಗಲ್ಲ. ಏನು ತಿಂದ್ರೂ ಮಣ್ಣು ತಿಂದ ಹಾಗೆ," ಎಂದು ನಮ್ಮ ಮೇಡಂ ಹೇಳುತ್ತ ಒಂದು ಕುರ್ಚಿಯ ಕಡೆ ಕೈ ತೋರಿಸಿದರು.

ಅಲ್ಲಿ ರೈಟರು ಕುಳಿತಿದ್ದರು.

ಉಳಿದವರು ಆಚೆ ಹೋದ ಮೇಲೆ ಅವರ ಹತ್ತಿರ ಹೋದೆ.

"ಗಾಬರಿ ಆಗ್ಬೇಡ ಮಾರಾಯ್ತಿ."

"ಮಂಡಿನೋವು ಅಂದ್ರಲ್ಲ ಸಾರ್? ಮನೇಲಿ ಅಮ್ಮಾವ್ರಿಗೆ ಗೊತ್ತಾ?"

"ಅವಳಿಗೂ ಹಾಗೇ ಹೇಳಿದೀನಿ. ನೀನು ಬಾಯಿ ಬಿಡ್ಬಾರ್ದು."

"ರುಚೀನೇ ಗೊತ್ತಾಗಲ್ಲ ಅಂದ್ಮೇಲೆ ಯಾಕೆ ಸಾರ್ ಹೋಟೆಲ್ ಹೋಟೆಲ್ ತಿರುಗಿದ್ರಿ?"

"ನೀನು ಹೇಳ್ತಿದ್ಯಲ್ಲ, ಆಗ ನೆನಪಾಗ್ತಿತ್ತು."

ಆಮೇಲೆ ಬಂದದ್ದು ಎರಡೇ ಸಲ. ಮೂರನೆಯ ಸಲ ಅವರ ಬದಲು ಅಪ್ಪನ ಫೋನ್ ಬಂತು. "ರೈಟರು ಹೋಗ್ಬಿಟ್ರು ಕಣೇ." ಇಷ್ಟು ಬೇಗ ಎಂದು ನಾನು ಎಣಿಸಿರಲಿಲ್ಲ. ಊರಿಗೆ ಓಡಿದೆ. ಅವರ ಹೆಂಡತಿ ನನ್ನ ಮುಖವನ್ನೇ ನೋಡಿ, "ನಿಂಗೆ ಗೊತ್ತಿತ್ತಾ?" ಎಂದರು. ಸುಳ್ಳು ಹೇಳಲಾಗಲಿಲ್ಲ. ತಲೆಯಾಡಿಸಿದೆ. "ನಂಗೆ ಗೊತ್ತಾಗಿ ನಾಲ್ಕು ದಿನ," ಎಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಮರುವರ್ಷ ರಜೆಗೆ ಹೋದಾಗ ಅವರೇ ಕರೆದು ಕೂರಿಸಿಕೊಂಡರು. "ಎಲ್ಲೆಲ್ಲಿ ಏನೇನು ತಿಂದ್ರಿ, ಹೇಳು." ಒಂದನ್ನೂ ಬಿಡದೆ ಹೇಳಿದೆ. ಅವರಿಗೆ ಸಮಾಧಾನವಾಗಲಿ ಎಂದುಕೊಂಡಿದ್ದೆ.

"ಮದುವೆಯಾಗಿ ನಲವತ್ತು ವರ್ಷ," ಎಂದರು. "ನನ್ನ ಒಂದು ಸಲಾನೂ ಕರ್ಕೊಂಡು ಹೋಗ್ಲಿಲ್ಲ ನೋಡು."

ಅವರಿಗೆ ಸಿಗಬೇಕಿದ್ದ ಬೆಳಗುಗಳನ್ನೆಲ್ಲ ನಾನು ತಿಂದಿದ್ದೆ. ಅದು ನನಗೆ ಹೊಳೆದದ್ದು ಆಗಲೇ.