ರಟ್ಟಿನ ಕಾಲಿಗೆ ಹಾರದ ಭಾರ

ಔರಾದಿನ ಬೀಜದ ಅಂಗಡಿಯಲ್ಲಿ ನಾನು ಮಾಡಿದ ಕ್ಯಾಲೆಂಡರ್ ಸ್ಟ್ಯಾಂಡು ಬಿದ್ದದ್ದು ಹೂವಿನ ಹಾರದ ಭಾರಕ್ಕೆ. ಹಾರ ಹಾಕಿದವನು ನನ್ನ ಮೈದುನ. ಬೀಳಲಿ ಅಂತಲೇ ಹಾಕಿದ. ಅಲ್ಲಿದ್ದವರು ಫ್ಯಾನಿನ ಗಾಳಿ ಅಂದರು, ದೃಷ್ಟಿ ಅಂದರು, ಹೆಂಗಸಿನ ಕೆಲಸ ಇಷ್ಟೇ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ನೋಡಿದ್ದನ್ನು ಅವರು ನೋಡಿಲ್ಲ.

ಬೀದರಿನಲ್ಲಿ ನಮ್ಮದು ಫೋಟೋ ಫ್ರೇಮಿನ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಂಡ, ಅವನ ತಮ್ಮ ಇಬ್ಬರೂ ಕಟ್ಟಿಗೆ ಕೊಯ್ಯುತ್ತಿದ್ದರು, ಗಾಜು ಕತ್ತರಿಸುತ್ತಿದ್ದರು. ಫ್ರೇಮಿನ ಬೆನ್ನಿಗೆ ರಟ್ಟು ಹಚ್ಚುವುದು, ಮೇಜಿನ ಮೇಲೆ ನಿಲ್ಲಿಸುವ ಸಣ್ಣ ಫ್ರೇಮಿಗೆ ಹಿಂದೆ ಒಂದು ಕಾಲು ಕೂರಿಸುವುದು ನನ್ನ ಪಾಲಿನ ಕೆಲಸ. ನಾವು ಮಿಷನ್ ಕಾಲದಿಂದ ಚರ್ಚಿಗೆ ಹೋಗುವವರು. ಆದರೂ ಬಂದವರ ಎಲ್ಲ ದೇವರಿಗೂ ಚೌಕಟ್ಟು ಹಾಕಿ ಕೊಟ್ಟಿದ್ದೇವೆ. ಗಾಜಿನ ಹಿಂದೆ ಎಲ್ಲರೂ ಸುಮ್ಮನೆ ಇರುತ್ತಾರೆ.

ನನ್ನ ಗಂಡ ಸತ್ತ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು. ಬದುಕಿದವರೆಲ್ಲ ಅದರೊಳಗೆ ಹೋಗಿ ಕೂತರು. ಈಗ ಫ್ರೇಮು ಹಾಕಿಸುವುದು ಸತ್ತವರಿಗೆ ಮಾತ್ರ. ಮೈದುನ ಆ ಕೋಣೆಯನ್ನು ಮೊಬೈಲು ರಿಪೇರಿ ಮಾಡುವವನೊಬ್ಬನಿಗೆ ಬಾಡಿಗೆ ಕೊಡುತ್ತೇನೆ ಅಂತ ಕುಣಿಯುತ್ತಿದ್ದ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಊಟ ನನ್ನ ಒಲೆಯದು, ಮಾತು ಮಾತ್ರ ಯಜಮಾನನದು. ಕೋಣೆ ಹೋದರೆ ನಾನು ಭಾಲ್ಕಿಗೆ ಹೋಗಬೇಕು. ಅಲ್ಲಿ ಮಗಳಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು. ಅವಳ ಮಕ್ಕಳ ಡಬ್ಬಿ ಕಟ್ಟುವುದಕ್ಕೆ ನಾನು ಬೇಕು ಅಂತ ಬಹಳ ದಿನದಿಂದ ಕರೆಯುತ್ತಾಳೆ. ಮೊಮ್ಮಕ್ಕಳು ಒಳ್ಳೆಯವರೇ. ಆದರೆ ದಿನವಿಡೀ ನೋಡುತ್ತ ಕೂರುವಷ್ಟು ಒಳ್ಳೆಯವರಲ್ಲ. ನನಗೆ ನನ್ನ ಮೇಜು ಬೇಕು, ನನ್ನ ಅಂಟಿನ ಡಬ್ಬಿ ಬೇಕು.

ಹಾಗಿರುವಾಗ ಔರಾದಿನಿಂದ ಬೀಜ ಗೊಬ್ಬರದ ಸಾಹುಕಾರನೊಬ್ಬ ಬಂದ. ಸತ್ತ ಅಪ್ಪನ ದೊಡ್ಡ ಫೋಟೋಕ್ಕೆ ಫ್ರೇಮು ಬೇಕಾಗಿತ್ತು. ಹೊಸ ಅಂಗಡಿ ತೆರೆಯುವವನಿದ್ದ. ನಾನು ಬಿಸ್ಕೀಟಿನ ಖಾಲಿ ಪೆಟ್ಟಿಗೆ ಮಡಚಿ, ಚರ್ಚಿನ ಕ್ಯಾಲೆಂಡರು ನಿಲ್ಲಿಸಲು ಒಂದು ಸ್ಟ್ಯಾಂಡು ಮಾಡಿ ಇಟ್ಟಿದ್ದೆ. ಅದರ ಮೇಲೆ ಅವನ ಕಣ್ಣು ಬಿತ್ತು. ಕೈಗೆತ್ತಿಕೊಂಡು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಅಮ್ಮಾ, ಹಳ್ಳಿ ಮನಿಗಳಾಗ ಗ್ವಾಡಿಗಿ ಮೊಳಿ ಒಂದೇ ಇರ್ತದರಿ," ಅಂದ. "ಆ ಒಂದ್ ಮೊಳಿಗಿ ಎಲ್ಲಾ ದುಕಾನದವರ ಕ್ಯಾಲೆಂಡರು ಒಂದರ ಮ್ಯಾಲ ಒಂದು. ನಮ್ಮದು ಹೋಗಿ ಅಡೀಕ ಬೀಳ್ತದ. ಇಂಥದು ಕೊಟ್ರ ಟೀವಿ ಮ್ಯಾಲ ನಿಂದರ್ತದ ನೋಡ್ರಿ."

ಮಾತು ಖರೆ. ನಮ್ಮ ಕಡೆ ಒಂದು ಮೊಳೆಗೆ ಬ್ಯಾಂಕು, ಸಕ್ಕರೆ ಅಂಗಡಿ, ಬಂಗಾರದ ಅಂಗಡಿ ಎಲ್ಲ ಜೋತಾಡುತ್ತವೆ. ಕೊನೆಗೆ ಬಂದವನದೇ ಮೇಲೆ. ಅವನು ಹೇಳಿದ: ಅಂಗಡಿ ತೆರೆಯುವ ದಿನ ಕೌಂಟರಿನ ಮೇಲೆ ಒಂದು ದೊಡ್ಡದು ನಿಲ್ಲಿಸಿರಿ, ಅದರಲ್ಲಿ ಅಪ್ಪನ ಚಿತ್ರ ಇರಲಿ, ಕೆಳಗೆ ತಿಂಗಳ ಹಾಳೆ. ಬಂದ ಮಂದಿಗೆ ಹಿಡಿಸಿದರೆ ಸಣ್ಣವು ಎಲ್ಲ ರೈತರಿಗೆ ಹಂಚಲು ನಿಮ್ಮಿಂದಲೇ ಮಾಡಿಸುತ್ತೇನೆ.

ಅವನು ಹೋದ ಮೇಲೆ ಮೈದುನ ಗಾಜಿನ ಪುಡಿ ಒರೆಸುತ್ತ ನಕ್ಕ.

"ವೈನಿ, ನಿಮ್ಮ ಮೊಣಕಾಲೇ ನಿಮ್ಮ ಮಾತ್ ಕೇಳಂಗಿಲ್ಲ. ರಟ್ಟಿಗಿ ಕಾಲ್ ಹಚ್ಚಲಾಕ ಹೊಂಟೀರಿ."

"ನಿನಗ ಎರಡೂ ಕಾಲ್ ನೆಟ್ಟಗವ. ಎಲ್ಲಿ ಹೋಗಿ ಏನ್ ಗಳಿಸ್ಕೊಂಡ್ ಬಂದಿ?"

"ಆಯ್ತು ಬಿಡ್ರಿ. ಈ ಆರ್ಡರ್ ಬಂತಂದ್ರ ಖೋಲಿ ನಿಮ್ಮದು. ಬರಲಿಲ್ಲಂದ್ರ ಮೊಬೈಲಿನವನದು. ಮಾತಂದ್ರ ಮಾತು."

"ಮಾತು," ಅಂದೆ. ಅವನು ಮೊಬೈಲಿನವನಿಗೆ ಆಗಲೇ ಬಾ ಅಂತ ಹೇಳಿಬಿಟ್ಟಿದ್ದಾನೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಬೀದರಿನ ಹೊರಗಿನ ಕೊಳಾರದ ಡಬ್ಬಿ ಕಾರ್ಖಾನೆಯಿಂದ ತುಂಡು ರಟ್ಟು ತರಿಸಿಕೊಂಡೆ. ಆ ರಟ್ಟಿನ ಒಳಗೆ ಅಲೆ ಅಲೆಯಾಗಿ ಗೆರೆ ಇರುತ್ತದೆ. ಗೆರೆ ಅಡ್ಡ ಬಂದರೆ ಕಾಲು ಬಾಗುತ್ತದೆ, ನೆಟ್ಟಗೆ ಬಂದರೆ ತಡೆಯುತ್ತದೆ. ಮೊದಲನೆಯ ಕಾಲು ಗಿಡ್ಡಾಯಿತು, ಫ್ಯಾನು ಹಾಕಿದರೆ ಮುಂದಕ್ಕೆ ಮುಗ್ಗರಿಸಿತು. ಆಮೇಲಿನದು ಉದ್ದಾಯಿತು, ಕುಡಿದವನ ಹಾಗೆ ಹಿಂದಕ್ಕೆ ವಾಲಿಕೊಂಡಿತು. ಸರಿಯಾಯಿತು ಅನ್ನುವಾಗ ಹಾಳೆ ತಿರುವಿ ನೋಡಿದೆ. ವರ್ಷ ಶುರುವಾದಾಗ ಹಾಳೆಯೆಲ್ಲ ಮುಂದೆ, ವರ್ಷ ಮುಗಿಯುವಾಗ ಎಲ್ಲ ಹಿಂದೆ. ಭಾರ ಜಾಗ ಬದಲಿಸುತ್ತದೆ. ಯುಗಾದಿಗೆ ನಿಂತದ್ದು ಕ್ರಿಸ್ಮಸ್ಸಿಗೆ ಬಿದ್ದರೆ ಯಾರಿಗೆ ಬೇಕು? ಕಾಲಿನ ಬುಡ ಅಗಲ ಮಾಡಿದೆ. ಕಾಲಿಗೂ ಬೆನ್ನಿಗೂ ನಡುವೆ ಪರಕಾರದ, ಅಂದರೆ ಸೀರೆಯೊಳಗಿನ ಲಂಗದ, ಲಾಡಿ ಅಂಟಿಸಿದೆ. ಲಾಡಿ ಬಿಗಿಯಾದರೆ ಕಾಲು ಅಷ್ಟಕ್ಕೇ ನಿಲ್ಲುತ್ತದೆ, ಹೆಚ್ಚು ತೆರೆದುಕೊಳ್ಳುವುದಿಲ್ಲ. ಮಡಚಿದರೆ ಲಾಡಿ ಒಳಗೆ ಹೋಗಿ, ಎಲ್ಲ ರೊಟ್ಟಿಯ ಹಾಗೆ ಚಪ್ಪಟೆ. ಲಾಡಿ ನನ್ನದೇ ಹಳೆಯ ಪರಕಾರದ್ದು, ಅದನ್ನೇನು ಹೇಳಬೇಕು, ಆದರೂ ಹೇಳಿದೆ.

ಚಿತ್ರ ಅಚ್ಚು ಹಾಕಿದ್ದು ಭಾಲ್ಕಿಯ ಪ್ರೆಸ್ಸಿನಲ್ಲಿ. ಅಂಗಡಿ ತೆರೆಯುವ ಹಿಂದಿನ ದಿನವೇ ಮಗಳ ಮನೆಗೆ ಹೋಗಿ ಅವಳ ಊಟದ ಮೇಜಿನ ಮೇಲೆ ಹಾಳೆ ಅಂಟಿಸಿದೆ. ಅವಳು ಡ್ಯೂಟಿ ಮುಗಿಸಿ ಬಂದು ಚೀಲ ಕೆಳಗಿಡದೆ ನೋಡಿದಳು.

"ಅವ್ವಾ, ಯಾರ್ ಮ್ಯಾಲಿನ ಸಿಟ್ಟಿಗಿ ಇದೆಲ್ಲ? ಇಲ್ಲೇ ಇದ್ದುಬಿಡು."

"ನಿನ್ನ ಮೇಜಿಗಿ ಅಂಟು ಹತ್ತ್ಯಾದ. ಬಿಸಿನೀರಾಗ ಒರಸು," ಅಂದೆ.

ಬೆಳಿಗ್ಗೆ ಅದನ್ನು ಮಡಚಿ ಸೀರೆಯ ಸೆರಗಿನೊಳಗೆ ಹಿಡಿದುಕೊಂಡು ಔರಾದಿನ ಬಸ್ಸು ಹತ್ತಿದೆ. ಮೈದುನ ಸಾಹುಕಾರನ ಅಪ್ಪನ ಗಾಜಿನ ಫ್ರೇಮನ್ನು ಕೌದಿಯಲ್ಲಿ ಸುತ್ತಿ, ಹಸಿ ಬಾಣಂತಿಯನ್ನು ಕರೆತರುವ ಹಾಗೆ ಬೀದರಿನಿಂದ ಟೆಂಪೋದಲ್ಲಿ ತಂದಿದ್ದ. ಅದು ಗೋಡೆಗೆ ಏರಿತು. ನನ್ನದು ಕೌಂಟರಿನ ಮೇಲೆ ನಿಂತಿತು. ಬಂದವರು ಗೋಡೆಯ ಕಡೆ ಒಂದು ಸಲ ಕೈಮುಗಿದು, ಆಮೇಲೆ ಕೌಂಟರಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಒಬ್ಬ ಮುದುಕ ಹಾಳೆ ತಿರುವಿ ಅಮಾವಾಸ್ಯೆ ಹುಡುಕಿದ. ಸ್ಟ್ಯಾಂಡು ಅಲುಗಲಿಲ್ಲ. ಸಾಹುಕಾರ ನನ್ನ ಕಡೆ ನೋಡಿ ಮೆಚ್ಚಿ ತಲೆದೂಗಿದ. ಮೈದುನ ಅದನ್ನು ನೋಡಿದ.

ಇಲ್ಲಿ ಫ್ರೇಮಿನ ಕೆಲಸದ ಒಂದು ಮಾತು ಹೇಳಬೇಕು. ಹಾರ ಬೀಳುವ ಫೋಟೋಕ್ಕೆ ನಾವು ಕಾಲು ಹಚ್ಚುವುದಿಲ್ಲ, ಕೊಂಡಿ ಹಚ್ಚುತ್ತೇವೆ. ಗೋಡೆಗೆ ತೂಗಬೇಕು. ಹಸಿ ಚೆಂಡುಹೂವಿನ ಹಾರ ಅಂದರೆ ನೀರು ಕುಡಿದ ಹಗ್ಗ. ಹಿಂದೆ ಕಾಲಿದ್ದರೆ ಆ ಭಾರಕ್ಕೆ ಕಾಲು ಜಾರುತ್ತದೆ. ಇದನ್ನು ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಹೇಳುವವನು ನನ್ನ ಮೈದುನನೇ. ಅಪ್ಪ ಸತ್ತ, ಅವ್ವ ಸತ್ತಳು ಅಂತ ಬಂದವರಿಗೆಲ್ಲ ಅವನ ಮೊದಲ ಪ್ರಶ್ನೆ, "ಹಾರ ಹಾಕ್ತೀರೇನ್ರಿ?" ಅಂತ.

ಗೋಡೆಯ ಫೋಟೋಕ್ಕೆ ಹಾರ ಬಿದ್ದಿತ್ತು, ಕಾಯಿ ಒಡೆದಿತ್ತು, ಕೌಂಟರಿನ ಮೇಲೆ ಊದುಬತ್ತಿ ಹಚ್ಚಿ ಆಗಿತ್ತು. ಎಲ್ಲ ಮುಗಿದ ಮೇಲೆ ಮೈದುನ ಹೊರಗೆ ಹೋದ. ಬಸ್‌ಸ್ಟ್ಯಾಂಡಿನ ಹೂವಿನವಳ ಹತ್ತಿರ ಒಂದು ಹಾರ ಕೊಂಡು ತಂದ. ನನ್ನ ಗಂಡನ ಮಣ್ಣಿಗೂ ಹೂವು ಕೊಳ್ಳದವನು ಸ್ವಂತ ಜೇಬಿನಿಂದ ಕೊಂಡು ತಂದ. ಹಾರದಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀದಾ ಕೌಂಟರಿಗೆ ಬಂದ.

"ಬ್ಯಾಡ," ಅಂದೆ. "ಅದು ರಟ್ಟಿಂದು."

ಅವನು ನನ್ನನ್ನು ನೋಡಲಿಲ್ಲ. ಸಾಹುಕಾರನ ಕಡೆ ತಿರುಗಿದ.

"ಹಿರಿಯರ ಮಾರಿ ಬರಿದ ಇರಬಾರದ್ರಿ ಸಾವ್ಕಾರ್ರ. ನಮ್ಮ ವೈನಿ ಜರಾ ಕಟ್ಟಾ ಚರ್ಚಿನಾಕಿ. ಹಾರ ಗೀರ ಅಂದ್ರ ಆಕಿಗಿ ಆಗಂಗಿಲ್ಲ. ನಾ ಹಂಗಿಲ್ಲರಿ. ನನಗ ಎಲ್ಲಾರ ಹಿರಿಯರೂ ಹಿರಿಯರೇ."

ಅಷ್ಟೂ ಮಂದಿ ನನ್ನನ್ನು ನೋಡಿದರು. ನಾನು ಇನ್ನೊಂದು ಸಲ ಬೇಡ ಅಂದರೆ ಅವರ ಸತ್ತವನಿಗೆ ಮರ್ಯಾದೆ ಬೇಡ ಅಂದ ಹಾಗಾಗುತ್ತಿತ್ತು. ನಾನೇ ಅದೇ ಮನುಷ್ಯನ ಫ್ರೇಮಿನ ಬೆನ್ನಿಗೆ ಕೊಂಡಿ ಕೂರಿಸಿದ್ದು, ಹಾರ ಹಾಕಲಿ ಅಂತಲೇ ಕೂರಿಸಿದ್ದು. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹುಕಾರ, "ಹಾಕ್ರಿ, ಹಾಕ್ರಿ," ಅಂದ.

ಹಾಕಿದ. ಎರಡೂ ಕೈಯಿಂದ ಮೆಲ್ಲಗೆ ಹಾಕಿ, ಕೈಮುಗಿದು, ಒಂದು ಹೆಜ್ಜೆ ಹಿಂದೆ ಸರಿದ. ಕೈಮುಗಿದವನು ಯಾರೇ ಆದರೂ ಚಿತ್ರ ನೋಡುತ್ತಾನೆ. ಅವನು ಪಕ್ಕದಿಂದ ನೋಡುತ್ತಿದ್ದದ್ದು ಹಿಂದಿನ ಲಾಡಿಯನ್ನು.

ಲಾಡಿ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಂಟು ಬಿಟ್ಟಿತು. ಕಾಲು ಹಿಂದಕ್ಕೆ ಜಾರಿತು, ಚಿತ್ರ ಮೆಲ್ಲಗೆ ಅಂಗಾತ ಮಲಗಿತು. ಮುಖ ಮೇಲೆ, ಎದೆಯ ಮೇಲೆ ಹಾರ, ತಲೆಯ ಹತ್ತಿರ ಊದುಬತ್ತಿ. ಹೆಣ ಮಲಗಿಸುವುದು ಹೀಗೆಯೇ.

ಸಾಹುಕಾರನ ತಾಯಿ ಒಳಗಿನ ಕುರ್ಚಿಯಲ್ಲಿ ಕೂತಿದ್ದಳು. ಗಂಡ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಕೂತಲ್ಲಿಂದಲೇ ಅಂದಳು, "ಒಮ್ಮಿ ಮಲಗಿಸಿದ್ದು ಸಾಲಲಿಲ್ಲೇನ್ರಿ ನಿಮಗ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಸಾಹುಕಾರನ ಮುಖ ಕೆಂಪಾಯಿತು. ನಾನು ಸ್ಟ್ಯಾಂಡನ್ನು ಎತ್ತಲಿಲ್ಲ, ಮೈದುನನ ಕಡೆ ತಿರುಗಿದೆ.

"ಹಾರದ ಫೋಟೋಕ್ಕ ಕಾಲೋ, ಕೊಂಡಿನೋ? ಎಲ್ಲಾರ ಮುಂದ ಹೇಳು."

"ಕೊಂಡಿ," ಅಂದ. ಕಣ್ಣು ಕೂಡ ಮಿಟುಕಿಸಲಿಲ್ಲ. "ಆದ್ರ ಇದು ಫೋಟೋ ಅಲ್ಲಲ್ರೀ ವೈನಿ. ಕ್ಯಾಲೆಂಡರು."

"ಗೊತ್ತಿದ್ದೇ ಹಾಕಿದಿ."

"ರಟ್ಟಿಂದು ಬ್ಯಾನಿ ನನಗೇನ್ ಗೊತ್ತರಿ? ನಾ ಗಾಜಿನ ಮನಷ್ಯಾ."

ಸಾಹುಕಾರ ನಡುವೆ ಬಂದ. "ಅಮ್ಮಾ, ನಿಮ್ಮ ಮನಿ ಜಗಳ ನಿಮ್ಮ ಮನ್ಯಾಗ ಮಾಡ್ಕೋರಿ. ಇವತ್ತ ನನ್ನ ದುಕಾನ ತೆರೆಯೋ ದಿನ. ನಮ್ಮ ಅವ್ವಗ ಏನ್ ಹೇಳ್ಲಿ ನಾ?"

"ಮ್ಯಾಲಿಂದ ನೀರ್ ಸುರಿಯೋ ಹಾರ ಹಾಕಿದ್ರ ನಿಮ್ಮ ಕೌಂಟರೇ ಬಾಗ್ತದ," ಅಂದೆ. ಹಾಗೆ ಅನ್ನಬಾರದಾಗಿತ್ತು ಅಂತ ಮಗಳು ಆಮೇಲೆ ಫೋನಿನಲ್ಲಿ ಹೇಳಿದಳು. ಅವಳು ಅಲ್ಲಿರಲಿಲ್ಲ.

"ಕ್ಯಾಲೆಂಡರಿನ ಮಾತು ಇಲ್ಲಿಗೇ ಬಿಡ್ರಿ," ಅಂದ ಸಾಹುಕಾರ. "ಗ್ವಾಡಿಗಿ ತೂಗಾಕೋದೇ ಛಲೋ. ಅಡೀಕ ಬಿದ್ರ ಬೀಳ್ಲಿ."

ಅಲ್ಲಿಗೆ ಮುಗಿಯಿತು. ನಾನು ಹಾರ ತೆಗೆದು ಕೌಂಟರಿನ ಮೇಲೆ ಇಟ್ಟೆ. ಸತ್ತವನ ಚಿತ್ರದ ಹಾಳೆಯನ್ನು ಹರಿಯದ ಹಾಗೆ ಬಿಡಿಸಿ ಆ ಮುದುಕಿಯ ಕೈಗೆ ಕೊಟ್ಟೆ. ಅವಳು ಇಸಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ರಟ್ಟು ನನ್ನದು, ಅದನ್ನು ಬಗಲಲ್ಲಿ ಇಟ್ಟುಕೊಂಡು ಹೊರಬಿದ್ದೆ.

ಬೀದರಿಗೆ ಹೋಗುವ ಬಸ್ಸನ್ನು ಮೈದುನನೂ ಹತ್ತಿದ. ಕೌದಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮುಂದಿನ ಸೀಟಿನಲ್ಲೇ ಕೂತ. ಸಂತಪುರ ದಾಟುವಾಗ ಹಿಂದೆ ತಿರುಗಿ ಶೇಂಗಾದ ಪೊಟ್ಟಣ ಚಾಚಿದ.

"ತಗೋರಿ ವೈನಿ. ಮುಂಜಾನಿಂದ ಏನೂ ತಿಂದಿಲ್ಲ ನೀವು."

ಇಸಕೊಂಡು ಕಿಟಕಿಯ ಹೊರಗೆ ಎಸೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಯ್ಯ, ಅನ್ನ ಯಾಕ ಚೆಲ್ತೀರಿ?" ಅಂದಳು. "ಇದು ಅನ್ನ ಅಲ್ಲವಾ. ಲಂಚ," ಅಂದೆ. ಅವಳು ಸೀಟು ಬದಲಿಸಿದಳು.

ಸಂಜೆ ಮನೆಯಲ್ಲಿ ಅವನು ಕೈಕಾಲು ತೊಳೆದುಕೊಂಡು ಊಟಕ್ಕೆ ಬಂದು ಕೂತ. ನಾನು ಬಡಿಸಿದೆ. ಬಡಿಸುವುದಿಲ್ಲ ಅಂದರೆ ನಾನು ಅತ್ತುಬಿಟ್ಟಿದ್ದೇನೆ ಅಂತ ಅವನು ತಿಳಿದುಕೊಳ್ಳುತ್ತಿದ್ದ.

"ನಾಳಿ ಮುಂಜಾನಿ ಮೊಬೈಲಿನವ ಸಾಮಾನ್ ತಗೊಂಡ್ ಬರ್ತಾನ," ಅಂದ. "ಮಾತಂದ್ರ ಮಾತಲ್ರೀ ವೈನಿ?"

"ನಾಳಿನೇ ಬರ್ತಾನಂದ್ರ ಅವಗ ಮೊದಲೇ ಹೇಳಿ ಇಟ್ಟಿದ್ದಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಅಷ್ಟೇ. ಮತ್ತೆ ಮುರಿದ.

"ಯಾರರ ಒಬ್ರು ಮನಿ ನಡಸಬೇಕಲ್ರಿ," ಅಂದ. "ನೀವು ಭಾಲ್ಕಿಗಿ ಹೋಗಿ ಆರಾಮ ಇರ್ರಿ. ಅಣ್ಣ ಇದ್ದಿದ್ರ ಅವನೂ ಇದೇ ಹೇಳ್ತಿದ್ದ."

ಅವನ ಅಣ್ಣ ಇದ್ದಿದ್ದರೆ ಏನು ಹೇಳುತ್ತಿದ್ದ ಅನ್ನುವುದು ನನಗೆ ಗೊತ್ತು, ಅವನ ಜೊತೆ ಮಲಗಿ ಎದ್ದವಳು ನಾನು. ಆದರೆ ಸತ್ತವನನ್ನು ಸಾಕ್ಷಿಗೆ ಕರೆಯುವವನ ಜೊತೆ ವಾದ ಮಾಡಬಾರದು. "ಖೋಲಿ ತಗೋ," ಅಂದೆ. "ನಾ ಮಾತಿಗಿ ತಪ್ಪಾಕಿ ಅಲ್ಲ." ಮಗಳ ಫೋನು ಬಂತು, ಭಾನುವಾರ ಬಂದು ಕರಕೊಂಡು ಹೋಗುತ್ತೇನೆ ಅಂದಳು. "ಬಾ, ಊಟ ಮಾಡ್ಕೊಂಡ್ ಹೋಗು," ಅಂದೆ.

ಮರುದಿನ ಬೆಳಿಗ್ಗೆ ಎದ್ದು, ಕೋಣೆಯ ಬಾಗಿಲು ತೆಗೆದು, ನನ್ನ ಮೇಜನ್ನು ಎಳೆಯಲು ಶುರು ಮಾಡಿದೆ. ಭಾರದ ಮೇಜು. ನೆಲಕ್ಕೆ ಕರ್ರೋ ಅಂತ ಉಜ್ಜಿತು. ಆ ಸದ್ದಿಗೆ ಮೈದುನ ಎದ್ದು ಬಂದ.

"ಏನ್ ಮಾಡ್ಲಕತ್ತೀರಿ?"

"ಖೋಲಿ ಖಾಲಿ ಮಾಡ್ಲಕತ್ತೇನಿ. ಕೈ ಹಚ್ಚಬ್ಯಾಡ."

ಹೊಸ್ತಿಲು ದಾಟಿಸಿ ಮೇಜನ್ನು ಮುಂದಿನ ಕಟ್ಟೆಯ ಮೇಲೆ, ಬಾಗಿಲಿಗೆ ಅಡ್ಡಲಾಗಿ ಹಾಕಿದೆ. ಅಂಟಿನ ಡಬ್ಬಿ, ಚಾಕು, ಅಳತೆ ಪಟ್ಟಿ, ಕೊಳಾರದ ರಟ್ಟಿನ ಕಟ್ಟು ಒಂದೊಂದಾಗಿ ತಂದು ಇಟ್ಟೆ. ಕುರ್ಚಿ ಹಾಕಿಕೊಂಡು ಕೂತೆ. ಅಷ್ಟರಲ್ಲಿ ಮೊಬೈಲಿನವನು ಗಾಜಿನ ಕಪಾಟನ್ನು ಕೈಗಾಡಿಯ ಮೇಲೆ ಹೇರಿಕೊಂಡು ಬಂದು ನಿಂತ. ಮೇಜು ನೋಡಿದ, ನನ್ನನ್ನು ನೋಡಿದ, ಮೈದುನನನ್ನು ನೋಡಿದ.

"ವೈನಿ, ಕಪಾಟು ಹ್ಯಾಂಗ ಒಳಗ ಹೋಗಬೇಕು?" ಅಂದ ಮೈದುನ.

"ಮಾತು ಆಗಿದ್ದು ಖೋಲೀದು. ಈ ಕಟ್ಟೀದಲ್ಲ," ಅಂದೆ, ರಟ್ಟಿನ ಗೆರೆ ನೆಟ್ಟಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಚಾಕು ಹಾಕಿದೆ.