ತರೀಕೆರೆಯಲ್ಲಿ ಡಚ್ಚರ ಕಾಡು

ಅಜ್ಜಂಪುರದ ಬಸ್ಸು ತಡವಾಗಿದ್ದರಿಂದ, ತರೀಕೆರೆ ನಿಲ್ದಾಣದ ಎದುರು ನಾಟಕದ ಪರದೆ ಬರೆಯುವ ಬಾಷಾ ಸಾಬರ ಶೆಡ್ಡಿಗೆ ನುಗ್ಗಿದೆ. ಗೋಡೆಯಲ್ಲಿ ಯಾವುದೋ ವಿದೇಶಿ ಕ್ಯಾಲೆಂಡರಿನ ಹಾಳೆ: ಹಳೆಯ ಡಚ್ ಚಿತ್ರಕಾರನೊಬ್ಬ ಬರೆದ ಮರ ತುಂಬಿದ ಬೆಟ್ಟ, ಮುರಿದ ಕಲ್ಲಿನ ಕಮಾನು, ಪಕ್ಕದಲ್ಲೇ ಧುಮುಕುವ ನೀರು. ಅದನ್ನು ನೋಡಿಕೊಂಡು ಸಾಬರು ದೊಡ್ಡ ಪರದೆ ಬರೆದಿದ್ದರು. ಕಮಾನು ಡಚ್ಚರದೇ. ನೀರು ಮಾತ್ರ ನಮ್ಮ ಹೆಬ್ಬೆ ಜಲಪಾತದ್ದು.

ಪರದೆ ಒಯ್ಯಲು ಬಂದಿದ್ದ ರುದ್ರಪ್ಪನವರು ತಮ್ಮೂರಿನ ನಾಟಕದ ರಾಮ. ಅವರಿಗೆ ಸಮಾಧಾನವಿರಲಿಲ್ಲ.

"ಕಾಡು ಬರೀರಿ ಅಂದ್ರೆ ಕಟ್ಟಡ ಬರ್ದಿದೀರಲ್ರೀ ಸಾಬ್ರೇ!"

"ಕಮಾನಿನ ಮೇಲೆ ಲೈಟ್ ಬಿಟ್ರೆ ಅಯೋಧ್ಯೆ, ಮರದ ಮೇಲೆ ಬಿಟ್ರೆ ಕಾಡು. ಒಂದೇ ಪರದೇಲಿ ಎರಡೂ ಆಯ್ತು ಕಣ್ರೀ."

"ಅಯೋಧ್ಯೆ ಮುರ್ದು ಬಿದ್ದಿದೆಯಲ್ರೀ?"

"ನೀವು ಬಿಟ್ಟು ಹೊರಟ ಮೇಲೆ ಊರು ಹಾಳೇ ಅಲ್ವಾ?"

ನನಗೆ ಸುಮ್ಮನಿರಲಾಗಲಿಲ್ಲ. "ಹಾಲೆಂಡಿನಲ್ಲಿ ಇಂಥ ಬೆಟ್ಟವೇ ಇಲ್ಲ. ಎಲ್ಲಾ ಚಪ್ಪಟೆ ನೆಲ," ಎಂದೆ.

"ಹಂಗಾದ್ರೆ ಅವನೂ ನಮ್ಮ ಕಸುಬಿನೋನೇ ಬಿಡಿ," ಎಂದರು ಸಾಬರು, ಕುಂಚ ಕೆಳಗಿಡದೆ.

ಆಗ ರುದ್ರಪ್ಪನವರ ನಿಜವಾದ ಚಿಂತೆ ಹೊರಬಿತ್ತು. "ಇದ್ರ ಮುಂದೆ ನಾನು ನಿಂತ್ರೆ ಜನ ಯಾರನ್ನ ನೋಡ್ತಾರೆ?"

"ಮಾಡಿ ತೋರ್ಸಿ. ಈ ಸ್ವಾಮಿಗಳೇ ಹೇಳ್ಲಿ."

ರುದ್ರಪ್ಪನವರು ಪಂಚೆ ಬಿಗಿದು ಪರದೆಯ ಮುಂದೆ ನಿಂತರು. ಅಯೋಧ್ಯೆಗೆ ಕೈಮುಗಿದರು, ಕಾಡಿನಲ್ಲಿ ಸೀತೆಗಾಗಿ ಗದ್ಗದರಾದರು. ಕೊನೆಗೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಹೆಂಗಿತ್ತು ಸ್ವಾಮಿ?"

"ಒನ್ಸ್ ಮೋರ್!" ಎಂದೆ.

ಅವರ ಮುಖ ಅರಳಿತು. ಈ ಸಲವಾದರೂ ನಾನು ಪರದೆಯ ನೀರಿನಿಂದ ಕಣ್ಣು ಕಿತ್ತು ಅವರನ್ನು ನೋಡಬೇಕಿತ್ತು.